ದೀಪ ಹಾರಿತು

ಶುಕ್ರವಾರ ಬೆಳಗ್ಗೆ ಹತ್ತೂಕಾಲಕ್ಕೆ ಧಾರಾವಾಹಿಯ ಇಪ್ಪತ್ತೊಂಬತ್ತನೇ ಅಧ್ಯಾಯ ವಾರಪತ್ರಿಕೆಯ ಕಚೇರಿ ತಲುಪಿತು. ಅದನ್ನು ಬರೆಯಬೇಕಾಗಿದ್ದ ಕಾದಂಬರಿಕಾರರು ಆ ಹೊತ್ತಿಗೆ ಮನೆಯಲ್ಲಿ ಅದರ ಮೊದಲ ವಾಕ್ಯದ ಮುಂದೆ ಕೂತಿದ್ದರು.

ಈ ಎರಡೂ ಸಂಗತಿ ಒಟ್ಟಿಗೆ ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ. ಫೋನನ್ನು ಕಿವಿಗೆ ಒತ್ತಿಕೊಂಡು, ಬಾಗಿಲ ಸಂದಿಯಿಂದ ಆ ಕಾದಂಬರಿಕಾರರ, ಅಂದರೆ ತನ್ನ ಭಾವನ ಬೆನ್ನು ನೋಡುತ್ತಾ ನಿಂತಿದ್ದ ಯಾಕಮ್ಮನಿಗೆ.

"ಮತ್ತೆ ಬಂದಿದೆ ಮೇಡಂ," ಎಂದರು ಆ ಕಡೆಯಿಂದ ಸಂಪಾದಕರು. "ಹೋದ ವಾರದ ಹಾಗೇ. ಅದೇ ಟೈಪಿಂಗ್ ಅಂಗಡಿಯಿಂದ ಈಮೇಲ್. ಸಾರ್ ಬರೆದಿದ್ದಲ್ಲ ತಾನೇ?"

"ಸಾರ್ ಇನ್ನೂ ಬಾಗಿಲಲ್ಲೇ ನಿಂತಿದಾರೆ."

"ಯಾವ ಬಾಗಿಲು?"

"ಕಥೇದು. ಬಂದಿರೋದು ಹೇಗಿದೆ?"

ಸಂಪಾದಕರು ಸುಳ್ಳು ಹೇಳಲು ಬಾರದ ಮನುಷ್ಯ. ಲೇಖಕರ ಜೊತೆ ದಿನ ದೂಡುವ ಕಸುಬಿನಲ್ಲಿ ಅದು ದೊಡ್ಡ ಊನ. "ಚೆನ್ನಾಗಿದೆ ಮೇಡಂ. ಅದೇ ತೊಂದರೆ. ಕೊಡೆ ಇನ್ಸ್‌ಪೆಕ್ಟರ್ ಸತ್ತು ಹೋಗ್ತಾರೆ."

ಕೊಡೆ ಇನ್ಸ್‌ಪೆಕ್ಟರ್ ಭಾವನ ಕಾದಂಬರಿಗಳ ಪತ್ತೇದಾರ. ಮಳೆ ಬರಲಿ ಬಿಡಲಿ, ಕಂಕುಳಲ್ಲಿ ಒಂದು ಕಪ್ಪು ಕೊಡೆ. ಇಪ್ಪತ್ತು ವರ್ಷಗಳಿಂದ ವಾರಕ್ಕೊಂದು ಕಂತಿನಂತೆ ಊರಿಡೀ ಅವರನ್ನು ಓದುತ್ತಿತ್ತು. ಓದುಗರು ಅವರಿಗೆಂದು ಹೊಸ ಕೊಡೆಗಳನ್ನು ಕಳಿಸುತ್ತಿದ್ದರು. ಬಿಚ್ಚದ ಕೊಡೆಗಳ ಒಂದು ರಾಶಿ ಭಾವನ ಮನೆಯ ಅಟ್ಟದ ಮೇಲೆ ಬಿದ್ದಿತ್ತು, ಮಳೆ ಬಂದಾಗ ಮಾತ್ರ ಮನೆಯವರಿಗೆ ಒಂದೂ ಸಿಗುತ್ತಿರಲಿಲ್ಲ.

"ನಾಲ್ಕಕ್ಕೆ ಪುಟ ಅಚ್ಚಿಗೆ ಹೋಗತ್ತೆ," ಎಂದರು ಸಂಪಾದಕರು. "ಅಷ್ಟರಲ್ಲಿ ಸಾರ್ ಬರೆದಿದ್ದು ಬಂದ್ರೆ ಅದು. ಬರಲಿಲ್ಲ ಅಂದ್ರೆ ಇದು. ನನಗೆ ಬೇರೆ ದಾರಿ ಇಲ್ಲ. ಖಾಲಿ ಪುಟ ಹಾಕೋಕಾಗಲ್ಲ. ಈ ವಾರ ಸತ್ತವರನ್ನ ಬರೋ ವಾರ ಎಬ್ಬಿಸಿ ಕೂರಿಸೋಕೂ ಆಗಲ್ಲ."

"ಗೊತ್ತು. ಭಾವನಿಗೆ ಫೋನ್ ಮಾಡಬೇಡಿ. ಗೊತ್ತಾದ್ರೆ ಬರೆಯೋದು ಬಿಟ್ಟು ಅದನ್ನ ಓದೋಕೆ ಕೂತ್ಕೋತಾರೆ. ನನ್ನ ಫೋನಿಗೆ ಕಳಿಸಿ."

ಹೋದ ವಾರದ ಇಪ್ಪತ್ತೆಂಟನೇ ಅಧ್ಯಾಯವನ್ನೂ ಹೀಗೇ ಯಾರೋ ಬರೆದಿದ್ದರು. ಅದು ಭಾವನ ಹೆಸರಿನಲ್ಲೇ ಅಚ್ಚಾಗಿತ್ತು, ತಾವು ಬರೆದದ್ದಲ್ಲ ಎಂದು ಭಾವ ಆಮೇಲೆ ಹೇಳಿದ್ದರು. ಬರೆದವರು ಯಾರೆಂದು ಹುಡುಕಲು ಯಾಕಮ್ಮ ಬಟ್ಟೆಬರೆ ಸಮೇತ ಅಕ್ಕನ ಮನೆಗೆ ಬಂದಿದ್ದಳು.

ಅವಳು ದಿನಪತ್ರಿಕೆಯೊಂದರಲ್ಲಿ ಅಪರಾಧ ವರದಿ ಮಾಡಿ ನಿವೃತ್ತಳಾದವಳು. ಹೆಸರು ಮಾತ್ರ ಮನೆಯಲ್ಲಿ ಇಟ್ಟದ್ದು. ಮಾತು ಕಲಿತ ದಿನದಿಂದ ಎಲ್ಲದಕ್ಕೂ 'ಯಾಕೆ' ಎಂದು ಕೇಳುತ್ತಿದ್ದಳಂತೆ. ದೊಡ್ಡವಳಾದ ಮೇಲೆ ಆ ಪ್ರಶ್ನೆಗೆ ಸಂಬಳ ಕೊಡುವವರು ಸಿಕ್ಕರು, ಅಷ್ಟೇ ವ್ಯತ್ಯಾಸ.

"ಯಾಕಮ್ಮ, ಅಲ್ಲೇನು ಪಿಸಪಿಸ? ಬಾ ಇಲ್ಲಿ," ಎಂದು ಭಾವ ತಿರುಗದೆಯೇ ಕರೆದರು. "ನ್ಯಾಯ ಹೇಳು. 'ಬಾಗಿಲು ತೆರೆದಿತ್ತು' ಅನ್ನಲಾ, 'ಬಾಗಿಲು ತೆರೆದೇ ಇತ್ತು' ಅನ್ನಲಾ?"

"ಎರಡರಲ್ಲೂ ಬಾಗಿಲು ಒಂದೇ ಅಲ್ವಾ ಭಾವ?"

"ಅಲ್ಲೇ ಇರೋದು. 'ತೆರೆದಿತ್ತು' ಅಂದ್ರೆ ಬರೀ ಬಾಗಿಲಿನ ಸುದ್ದಿ. 'ತೆರೆದೇ ಇತ್ತು' ಅಂದ್ರೆ ಮುಚ್ಚಬೇಕಾದವನೊಬ್ಬ ಮುಚ್ಚಿಲ್ಲ. ಅವನು ಯಾರು, ಯಾಕೆ ಮುಚ್ಚಲಿಲ್ಲ ಅಂತ ಆಮೇಲೆ ನಾನು ಓದುಗರಿಗೆ ಉತ್ತರ ಕೊಡಬೇಕು. ಒಂದು 'ಏ' ಹಾಕಿದ್ರೆ ಎರಡು ಪುಟ ಖರ್ಚು."

"ನಮ್ಮ ಪತ್ರಿಕೇಲಾಗಿದ್ರೆ 'ಬಾಗಿಲು ತೆರೆದಿತ್ತು ಎಂದು ಪೊಲೀಸರು ತಿಳಿಸಿದ್ದಾರೆ'. ಮುಗೀತು."

ಭಾವ ಹೊಟ್ಟೆ ಕುಲುಕಿಸಿ ನಕ್ಕರು. ಚೂಪು ಮಾಡಿದ ಪೆನ್ಸಿಲುಗಳು ಮೇಜಿನ ಅಂಚಿನಲ್ಲಿ ಸಾಲಾಗಿ ಮಲಗಿದ್ದವು. ಕಾಗದದ ಕಟ್ಟು ನೆಟ್ಟಗಿತ್ತು. ಫ್ಯಾನಿನ ರೆಕ್ಕೆಗಳು ಹೊಸದಾಗಿ ಒರೆಸಿ ಫಳಫಳ ಹೊಳೆಯುತ್ತಿದ್ದವು. ಬರೆಯಲಾಗದ ದಿನಗಳಲ್ಲಿ ಈ ಮನೆ ಬಹಳ ಸ್ವಚ್ಛವಾಗಿರುತ್ತದೆ. ಆದರೆ ಇವತ್ತು ಕಸದ ಬುಟ್ಟಿಯೂ ತುಂಬಿತ್ತು. ಅದು ಒಳ್ಳೆಯ ಲಕ್ಷಣ. ಹೋದ ವಾರ ಬುಟ್ಟಿಯೂ ಖಾಲಿ, ಮೇಜೂ ಖಾಲಿ, ಭಾವನ ಮುಖವೂ ಖಾಲಿ ಎಂದು ಅಕ್ಕ ಹೇಳಿದ್ದಳು.

"ಆ ಕಳ್ಳ ನನ್ನ ಇನ್ಸ್‌ಪೆಕ್ಟರನ್ನ ಒಂದು ಕತ್ತಲೆ ರೂಮಲ್ಲಿ ಕೂಡಿ ಹಾಕಿ ಹೋಗಿದಾನೆ," ಎಂದರು ಭಾವ. "ಕಿಟಕಿ ಇಲ್ಲ, ದೀಪ ಇಲ್ಲ, ಕಾಲ ಕೆಳಗೆ ಗಾಜು. ನಾನು ಹೊರಗೆ ತರ್ತೀನಿ. ಹೇಗೆ ತರ್ತೀನಿ ನೋಡು."

"ನಾಲ್ಕರೊಳಗೆ?"

"ಮೂರಕ್ಕೇ ಮುಗಿಸ್ತೀನಿ."

"ಹೋದ ವಾರವೂ ಹೀಗೇ ಅಂದಿದ್ರಂತೆ."

"ಹೋದ ವಾರ ನನಗೆ ವೈರಿ ಇರಲಿಲ್ಲ," ಎಂದು ಭಾವ ಪೆನ್ಸಿಲು ಎತ್ತಿಕೊಂಡರು. ಸ್ವಲ್ಪ ಯೋಚಿಸಿ ಆ 'ಏ'ಕಾರವನ್ನು ಹಾಕಿಯೇಬಿಟ್ಟರು.

ಅಕ್ಕ ಎರಡು ಲೋಟ ಕಾಫಿ ತಂದಳು. ಒಂದನ್ನು ಸದ್ದಿಲ್ಲದೆ ಗಂಡನ ಮೊಣಕೈ ಪಕ್ಕ ಇಟ್ಟು, ಇನ್ನೊಂದನ್ನು ತಂಗಿಯ ಮುಂದೆ ಚಾಚಿದಳು. "ಇಡ್ಕೋ. ಅವರ ತಲೆ ತಿನ್ನಬೇಡ, ಆಚೆ ಓಗು. ಕೂತಿರೋದೇ ದೊಡ್ಡದು."

ಯಾಕಮ್ಮ ಲೋಟ ಹಿಡಿದು ಹಿತ್ತಿಲ ಮೆಟ್ಟಿಲಿಗೆ ಹೋದಳು. ಎಳೆ ಬಿಸಿಲಿತ್ತು. ತಂತಿಯ ಮೇಲೆ ಒಣಗಲು ಹಾಕಿದ ಬಟ್ಟೆಗಳ ಸೋಪಿನ ವಾಸನೆ. ಫೋನಿನಲ್ಲಿ ಇಪ್ಪತ್ತೊಂಬತ್ತನೇ ಅಧ್ಯಾಯ ತೆರೆದಳು.

ಸಂಪಾದಕರು ಹೇಳಿದ್ದು ನಿಜ. ಚೆನ್ನಾಗಿತ್ತು. ಅವಸರವಿಲ್ಲದ ಬರವಣಿಗೆ. ಇನ್ಸ್‌ಪೆಕ್ಟರ್ ಕತ್ತಲ ಕೋಣೆಯಲ್ಲಿ ಕೂತು, ಅಲ್ಲಿಗೆ ಬಂದ ಆಗಂತುಕನೊಬ್ಬನ ಜೊತೆ ಮಾತಾಡುತ್ತಾರೆ, ಆಗಂತುಕ ಯಾರೆಂದು ಅವರಿಗೆ ಮೊದಲೇ ಗೊತ್ತು, ಓಡುವುದಿಲ್ಲ. ಒಂದು ಕಡೆ ಯಾಕಮ್ಮನಿಗೆ ನಗು ತಡೆಯಲಾಗಲಿಲ್ಲ: 'ಒಲೆಯ ಕಾಮ ಇನ್ನೂ ಆರಿರಲಿಲ್ಲ' ಎಂದು ಟೈಪಾಗಿತ್ತು. ಕಾವು ಹೋಗಿ ಕಾಮ ಆಗಿದೆ. ಸಂಸಾರಸ್ಥರು ಓದುವ ಪತ್ರಿಕೆ. ಮುಂದಕ್ಕೆ ಓದಿದಳು. 'ಇನ್ಸ್‌ಪೆಕ್ಟರ್ ಅವರ ವಾದಗಳಲ್ಲಿ ಶಕ್ತಿ ಉಳಿದಿರಲಿಲ್ಲ.' ಕೊನೆಯ ಪ್ಯಾರಾದಲ್ಲಿ ಗುಂಡು ಹಾರುವುದಿಲ್ಲ, ಯಾರೂ ಕಿರುಚುವುದಿಲ್ಲ. ಕೊಡೆ ಕೈಯಿಂದ ಜಾರಿ ನೆಲಕ್ಕೆ ಬೀಳುತ್ತದೆ. ಅಷ್ಟೇ.

ಅವಳು ಅಧ್ಯಾಯವನ್ನು ಓದುಗರ ಹಾಗೆ ಓದಿ ಮುಗಿಸಿದಳು. ಕೈಯಲ್ಲಿ ಕೆಂಪು ಪೆನ್ನು ಹಿಡಿಯಲಿಲ್ಲ. ಅವಳು ಅವತ್ತು ಮಾಡಿದ ತಪ್ಪು ಅದೊಂದೇ.

ಕೆಂಪು ಪೆನ್ನು ಓಡಾಡಿದ್ದು ಹೋದ ವಾರದ ಹಾಳೆಗಳ ಮೇಲೆ. ಅಂಗಡಿಯಿಂದ ಬಂದ ಹಾಗೆಯೇ, ಯಾರೂ ತಿದ್ದದ ಪ್ರತಿಯನ್ನು ಸಂಪಾದಕರಿಂದ ಪಡೆದಿದ್ದಳು. ಮಡಿಲಲ್ಲಿ ಅದನ್ನು ಹರಡಿಕೊಂಡಳು.

ಭಾವನ ಧಾರಾವಾಹಿ ಕಚೇರಿಗೆ ಹೋಗುವ ದಾರಿ ಊರಿಗೆಲ್ಲ ಗೊತ್ತು. ಅವರು ಪೆನ್ಸಿಲಿನಲ್ಲಿ ಬರೆದು ಟೈಪಿಂಗ್ ಅಂಗಡಿಗೆ ಕೊಡುತ್ತಾರೆ. ಟೈಪಿಸ್ಟ್ ಅದನ್ನು ಹೊಡೆದು ಪತ್ರಿಕೆಗೆ ಕಳಿಸುತ್ತಾನೆ. ಅವನನ್ನು ಅವಳು ಮೊದಲ ದಿನವೇ ಹಿಡಿದಿದ್ದಳು. ಕೋರ್ಟು ಕಾಗದ ಹೊಡೆದು ತಲೆ ನರೆತ ಆ ಮನುಷ್ಯ ಕನ್ನಡಕದ ಮೇಲಿಂದ ಅವಳನ್ನು ನೋಡಿ, "ಗಿರಾಕಿ ಯಾರು ಅಂತ ಇನ್ನೊಬ್ಬ ಗಿರಾಕಿಗೆ ಹೇಳಿದ್ರೆ ನಾಳೆಯಿಂದ ಇಲ್ಲಿಗೆ ಯಾರು ಬರ್ತಾರೆ ಮೇಡಂ?" ಎಂದು ಕೇಳಿದ್ದ.

ಹಾಗಾಗಿ ಉಳಿದದ್ದು ತಪ್ಪುಗಳು. ಯಾಕಮ್ಮನಿಗೆ ತಪ್ಪುಗಳ ಮೇಲೆ ಬಹಳ ನಂಬಿಕೆ. ಸರಿಯಾದ ವಾಕ್ಯವನ್ನು ಯಾರು ಬೇಕಾದರೂ ಬರೆದಿರಬಹುದು. ತಪ್ಪಿಗೆ ಮಾತ್ರ ಒಂದು ವಿಳಾಸ ಇರುತ್ತದೆ.

'ಬಾಗಿಲು ತೆರೆದ ಹೊತ್ತಿಗೆ ದೀಪ ಹಾರಿತು. ಕಾಲ ಕೆಳಗೆ ಹೊಡೆದ ಗಾಜು ಕರಕರ ಎಂದಿತು.'

ದೀಪ ಆರುತ್ತದೆ, ಹಾರುವುದಿಲ್ಲ. ಗಾಜು ಒಡೆದದ್ದು, ಹೊಡೆದದ್ದಲ್ಲ. ಬರೆದ ಅಕ್ಷರವನ್ನು ನೋಡಿ ಹೊಡೆದವನಿಗೆ 'ಆ' ಎಂಬುದು 'ಹಾ' ಎಂದು ಕಾಣಲು ಸಾಧ್ಯವೇ ಇಲ್ಲ. ಒಂದಕ್ಕೊಂದು ಹೋಲಿಕೆಯೇ ಇಲ್ಲ. ಇದು ಕಣ್ಣು ಮಾಡಿದ ತಪ್ಪಲ್ಲ, ಕಿವಿ ಮಾಡಿದ್ದು. ಯಾರೋ ಬಾಯಲ್ಲಿ ಹೇಳಿದ್ದಾರೆ, ಟೈಪಿಸ್ಟ್ ಕೇಳಿಕೊಂಡು ಹೊಡೆದಿದ್ದಾನೆ.

ಅಲ್ಲಿಯವರೆಗೆ ಅವಳಿಗೆ ಎರಡು ದಿನದ ಹಿಂದೆಯೇ ಹೊಳೆದಿತ್ತು. ಸಿಕ್ಕಿಹಾಕಿಕೊಂಡದ್ದು ಅದರ ಮುಂದೆ. ಹೇಳಿದವರು ಭಾವನೇ? ಅಲ್ಲ. ಭಾವ ಹಿಂದೆ ನಾಟಕ ಆಡಿದವರು, ಅವರ ಬಾಯಲ್ಲಿ 'ಹ' ಎಂಬುದು ಎದೆಯಿಂದ ಎದ್ದು ಬರುತ್ತದೆ, ಪಕ್ಕದಲ್ಲಿ ಕೂತವರ ಕೂದಲು ಅಲ್ಲಾಡುತ್ತದೆ. ಸಂಪಾದಕರೇ? ಧಾರಾವಾಹಿ ನಿಂತರೆ ಅವರಿಗೇ ಹೆಚ್ಚು ತೊಂದರೆ. ಆದರೆ ಅವರ ಸಂಪಾದಕೀಯದಲ್ಲಿ ಒಂದು ವಾಕ್ಯ ಶುರುವಾದರೆ ಪ್ಯಾರಾ ಮುಗಿದರೂ ಮುಗಿಯುವುದಿಲ್ಲ. ಇಷ್ಟು ಚುರುಕಾಗಿ ಬರೆಯುವುದು ಅವರಿಂದಾಗದ ಮಾತು.

ಅವಳು ಮತ್ತೆ ಆ 'ಹ'ಗಳನ್ನು ನೋಡಿದಳು. ಎಲ್ಲಿಯೂ ಒಂದು 'ಹ' ಬಿಟ್ಟುಹೋಗಿಲ್ಲ. ಬೇಡದ ಕಡೆ ಸೇರಿಕೊಂಡಿವೆ. ಯಾಕೆ?

ಹೇಳುವವರು 'ಹ' ನುಂಗುವವರಾದರೆ, ಕೇಳುವವನು ಅದನ್ನು ಹುಡುಕಿ ಹುಡುಕಿ ವಾಪಸು ಹಾಕುತ್ತಾ ಹೋಗುತ್ತಾನೆ. 'ಆಲು' ಅಂದರೆ ಹಾಲು, 'ಊವು' ಅಂದರೆ ಹೂವು. ಹಾಕಿ ಹಾಕಿ ಕೈ ರೂಢಿಯಾದ ಮೇಲೆ, ಆ ಬಾಯಿ ನಿಜಕ್ಕೂ 'ಆರಿತು' ಅಂದಾಗಲೂ ಒಂದು 'ಹ' ಹಾಕಿಬಿಡುತ್ತಾನೆ. ಒಳ್ಳೆಯ ಟೈಪಿಸ್ಟ್ ಮಾತ್ರ ಮಾಡಬಹುದಾದ ತಪ್ಪು.

"ಬೀನ್ಸ್ ಎಚ್ಚಿ ಆಯ್ತು," ಎಂದು ಅಡುಗೆಮನೆಯಿಂದ ಅಕ್ಕನ ದನಿ ಬಂತು. "ಎಣ್ಣೆ ಕಮ್ಮಿ ಆಕ್ಲಾ? ನಿಂಗೆ ಡಾಕ್ಟರು ಏಳಿದಾರಲ್ಲ?"

ಯಾಕಮ್ಮ ಲೋಟವನ್ನು ಮೆಟ್ಟಿಲ ಮೇಲಿಟ್ಟಳು.

ಹುಟ್ಟಿದಂದಿನಿಂದ ಕೇಳಿದ ದನಿ. ಅವರ ತವರಿನಲ್ಲಿ ಅಪ್ಪನಿಂದ ಹಿಡಿದು ಎಲ್ಲರೂ 'ಹ' ನುಂಗಿದವರೇ. ಪತ್ರಿಕೆಗೆ ಸೇರಿದ ಮೇಲೆ ಅವಳ ನಾಲಿಗೆ ಮಾತ್ರ ತಿದ್ದಿಕೊಂಡಿತ್ತು. ಊರೆಲ್ಲ ಹುಡುಕಿದ ಅವಳ ಕಿವಿ ಈ ಮನೆಯೊಳಗೆ ಬಂದಾಗ ಮಾತ್ರ ಕೆಲಸ ಬಿಟ್ಟು ಕೂರುತ್ತಿತ್ತು.

ಹಾಳೆ ಹಿಡಿದು ಅಡುಗೆಮನೆಗೆ ಹೋದಳು.

"ಅಕ್ಕ, ಕನ್ನಡಕ ಎಲ್ಲಿ?"

"ತಲೆ ಮೇಲಿದೆ. ಯಾಕೆ?"

"ಯಾಕೆ ಅನ್ನೋದು ನನ್ನ ಕೆಲಸ. ಈ ಎರಡು ಸಾಲು ಸ್ವಲ್ಪ ಜೋರಾಗಿ ಓದು."

ಅಕ್ಕ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡಳು. "'ಬಾಗಿಲು ತೆರೆದ ಒತ್ತಿಗೆ ದೀಪ ಆರಿತು. ಕಾಲ ಕೆಳಗೆ ಒಡೆದ ಗಾಜು ಕರಕರ ಎಂದಿತು.' ಚೆನ್ನಾಗಿದೆಯಲ್ಲ."

"ಅಲ್ಲಿ ಏನಿದೆಯೋ ಅದನ್ನೇ ಓದಿದ್ಯಾ?"

"ಮತ್ತೆ ನನ್ನ ಸ್ವಂತದ್ದು ಸೇರಿಸ್ತೀನಾ?"

"ಸೇರಿಸಿಲ್ಲ, ಬಿಟ್ಟಿದೀಯ. ಸರಿಯಾಗಿ ನೋಡು. ದೀಪ ಹಾರಿ ಹೋಗಿದೆ, ಗುಬ್ಬಚ್ಚಿ ಥರ. ಗಾಜಿಗೆ ಯಾರೋ ಹೊಡೆದಿದಾರೆ."

ಅಕ್ಕ ಹಾಳೆಯನ್ನು ಕಣ್ಣಿನ ಹತ್ತಿರ ತಂದಳು. ಹುಬ್ಬು ಗಂಟಾಯಿತು. "ಆ ಟೈಪ್ ಮಾಡೋನಿಗೆ ಏನಾಗಿದೆ? ನಾನು ಸರಿಯಾಗೇ ಏಳಿದ್ದೆ."

ಆಡಿದ ಮೇಲೆ ತುಟಿ ಕಚ್ಚಿಕೊಂಡಳು. ಒಲೆಯ ಉರಿ ಸಣ್ಣ ಮಾಡಿದಳು. ಏನೂ ಬೇಯದ ಪಾತ್ರೆಗೆ ಮುಚ್ಚಳ ಮುಚ್ಚಿದಳು.

"ಯಾಕೆ?" ಎಂದಳು ಯಾಕಮ್ಮ. ಕೊಲೆ ಮಾಡಿದವರನ್ನೂ ಮಂತ್ರಿಗಳನ್ನೂ ಕೇಳಿ ಪಳಗಿದ ಪ್ರಶ್ನೆ. ಈ ಸಲ ದನಿ ಸಣ್ಣಗಾಗಿತ್ತು.

"ಇನ್ನೇನು ಮಾಡ್ಲಿ? ಅಷ್ಟು ದಿನ ಆ ಗೋಡೆ ನೋಡ್ಕೊಂಡು ಕೂತಿದ್ರು ಕಣೇ. ಪುಸ್ತಕಾನೆಲ್ಲ ಎತ್ತರದ ಪ್ರಕಾರ ಜೋಡಿಸಿದ್ರು. ಆಮೇಲೆ ಬಣ್ಣದ ಪ್ರಕಾರ. ಗುರುವಾರ ಊಟ ಮಾಡ್ತಾ, 'ನಾಳೆ ಓಗಿ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ಏಳಿ ಬರ್ತೀನಿ' ಅಂದ್ರು. ಉಪ್ಪು ಕಮ್ಮಿ ಅನ್ನೋ ಥರ ಅಂದ್ರು. ಇಷ್ಟು ವರ್ಷದಲ್ಲಿ ಅವರು ಅಂಗೆ ಸುಮ್ಮನೆ ಸೋತಿದ್ದು ನಾನು ನೋಡಿಲ್ಲ."

"ನೀನೇನು ಮಾಡ್ದೆ?"

"ಪಾತ್ರೆ ತೊಳೆದೆ. ಅವರು ಮಧ್ಯಾನ್ನ ಮಲಗಿದ ಮೇಲೆ ಅಂಗಡಿಗೆ ಫೋನ್ ಮಾಡಿದೆ."

"ಪಾತ್ರೆ ತೊಳೆಯೋ ಅಷ್ಟರಲ್ಲಿ ಒಂದು ಅಧ್ಯಾಯ ಆಯ್ತಾ?"

"ಯಾಕಾಗಬಾರ್ದು? ವಾರವಾರ ಮೊದಲು ನಂಗೇ ಓದಿ ಏಳೋದು. ಇಪ್ಪತ್ತು ವರ್ಷ ಆ ಕೊಡೆ ಮನುಷ್ಯನ ಜೊತೆ ನಾನೂ ಸಂಸಾರ ಮಾಡಿದೀನಿ. ಅವನು ಯಾವ ಕಡೆ ತಿರುಗ್ತಾನೆ, ಯಾವಾಗ ಮೂಗು ಒರೆಸ್ಕೋತಾನೆ, ಎಲ್ಲ ಗೊತ್ತು. ಬರೆಯೋಕೆ ಕೂತ್ರೆ ಕೈ ಓಡಲ್ಲ. ಏಳೋಕೆ ಬರತ್ತೆ."

"ಅವರು ಸಿಟ್ಟಾಗ್ತಾರೆ ಅಂತ ಅನ್ನಿಸಲಿಲ್ವಾ?"

"ಸಿಟ್ಟು ಬರ್ಲಿ ಅಂತಾನೇ ಮಾಡಿದ್ದು. ಸಮಾಧಾನ ಮಾಡಿದ್ರೆ ನಿದ್ದೆ ಮಾಡ್ತಾರೆ. ಸಿಟ್ಟು ಬಂದ್ರೆ ಬರೀತಾರೆ." ಅಕ್ಕ ಗಲ್ಲ ಎತ್ತಿ ಒಳಕೋಣೆಯ ಕಡೆ ತೋರಿಸಿದಳು. "ಕೇಳಿಸ್ಕೋ."

ಇಬ್ಬರೂ ಕಿವಿಗೊಟ್ಟರು. ಕುರ್ಚಿ ಕಿರ್ರೆಂದಿತು. ಒಂದು ಹಾಳೆ ತಿರುವಿದ ಸದ್ದು, ಸ್ವಲ್ಪ ಹೊತ್ತಿಗೆ ಇನ್ನೊಂದು. ಭಾವ ತಮ್ಮಷ್ಟಕ್ಕೆ ಏನೋ ಗುನುಗುತ್ತಿದ್ದರು, ರಾಗ ತಪ್ಪಿತ್ತು. ಅಕ್ಕನ ಮುಖದಲ್ಲಿ, ಕಳುವಾಗಿದ್ದ ಸಾಮಾನು ಮನೆಯಲ್ಲೇ ಸಿಕ್ಕಿದಂಥ ನೆಮ್ಮದಿ ಇತ್ತು.

ಯಾಕಮ್ಮನಿಗೆ ಬಯ್ಯಲು ಮನಸ್ಸು ಬರಲಿಲ್ಲ. ಆದರೆ ಪ್ರಶ್ನೆ ಇನ್ನೊಂದು ಉಳಿದಿತ್ತು.

"ಹೋದ ವಾರದ್ದು ಒಪ್ಪಿದೆ ಅಕ್ಕ. ಅವರು ಬರೆಯೋಕೆ ಶುರು ಮಾಡಿದ್ರಲ್ಲ, ಮತ್ತೆ ಇವತ್ತು ಯಾಕೆ ಕಳಿಸಿದೆ? ಅದೂ ಇನ್ಸ್‌ಪೆಕ್ಟರನ್ನ ಸಾಯಿಸಿ?"

ಅಕ್ಕನ ಕೈ ಮುಚ್ಚಳದ ಮೇಲೇ ನಿಂತಿತು. "ಸಾಯ್ಸೋದಾ? ಯಾರು?"

"ಬೆಳಗ್ಗೆ ಬಂದ ಅಧ್ಯಾಯದಲ್ಲಿ."

"ಬೆಳಗ್ಗೆ ಯಾವುದು ಬಂತು? ನಾನು ಏಳಿದ್ದು ಒಂದೇ ಒಂದು, ಓದ ವಾರ. ಆಣೆ ಮಾಡಿ ಏಳ್ತೀನಿ." ಅವಳ ಕಣ್ಣು ದೊಡ್ಡದಾಯಿತು. "ಅವನನ್ನ ಸಾಯ್ಸೋದಾ? ನಾನು ಅವನಿಗೆ ಮದುವೆ ಮಾಡಿಸೋಣ ಅಂತಿದ್ದೆ."

ಯಾಕಮ್ಮ ಫೋನು ತೆಗೆದು ಅಲ್ಲೇ ಸ್ಟೂಲಿನ ಮೇಲೆ ಕೂತಳು. ಈ ಸಲ ವರದಿಗಾರ್ತಿಯ ಹಾಗೆ, ಕಥೆ ಪಕ್ಕಕ್ಕಿಟ್ಟು, ಪದ ಪದವಾಗಿ ಓದಿದಳು.

'ಒಲೆಯ ಕಾಮ ಇನ್ನೂ ಆರಿರಲಿಲ್ಲ.'

ಬೆಳಗ್ಗೆ ನಕ್ಕು ಮುಂದೆ ಹೋಗಿದ್ದ ವಾಕ್ಯ. 'ಆರಿರಲಿಲ್ಲ' ಎಂಬುದು ಸರಿಯಾಗಿಯೇ ಇದೆ, ಯಾರೂ 'ಹ' ಅಂಟಿಸಿಲ್ಲ. 'ಕಾವು' ಎಂದು ಬಾಯಲ್ಲಿ ಹೇಳಿದರೆ ಯಾವ ಕಿವಿಗೂ 'ಕಾಮ' ಎಂದು ಕೇಳಿಸುವುದಿಲ್ಲ. ಆದರೆ ಕೈಯಲ್ಲಿ ಕೂಡಿಸಿ ಬರೆದ 'ವು' ಥೇಟು 'ಮ'ದ ಹಾಗೆ ಕಾಣುತ್ತದೆ. ಇನ್ನೂ ಕೆಳಗೆ, 'ವಾದಗಳಲ್ಲಿ ಶಕ್ತಿ ಉಳಿದಿರಲಿಲ್ಲ'. ಆಗಂತುಕನ ಜೊತೆ ಮಾತಾಡುತ್ತಾರಲ್ಲ, ಹಾಗಾಗಿ ವಾದ ಎಂದರೂ ಅರ್ಥ ಆಗುತ್ತಿತ್ತು, ಅನುಮಾನ ಬಂದಿರಲಿಲ್ಲ. ಅದು 'ಪಾದ'. ಇನ್ಸ್‌ಪೆಕ್ಟರ್ ಎದ್ದು ನಿಲ್ಲಲಾರರು.

ಹೋದ ವಾರದ್ದು ಕಿವಿಯ ತಪ್ಪು. ಇವತ್ತಿನದು ಕಣ್ಣಿನ ತಪ್ಪು. ಒಂದೇ ಅಂಗಡಿಯಿಂದ ಬಂತೆಂದು ಅವಳು ಎರಡನ್ನೂ ಒಬ್ಬರ ತಲೆಗೆ ಕಟ್ಟಿದ್ದಳು.

"ಅಂಗಡಿಗೆ ಫೋನ್ ಮಾಡು," ಎಂದಳು. "ನಾನು ಕೇಳಿದ್ರೆ ಅವರು ಬಾಯಿ ಬಿಡಲ್ಲ. ನೀನೇ ಹೇಳು."

ಅಕ್ಕ ಫೋನಿನ ಸ್ಪೀಕರ್ ಹಾಕಿ ಹೇಳಿದಳು. ಟೈಪಿಸ್ಟ್ ಮೊದಲು ಖಾತ್ರಿ ಮಾಡಿಕೊಂಡ. "ಹೇಳಬಹುದಾ ಅಮ್ಮ? ಆಮೇಲೆ ನನ್ನ ಮೇಲೆ ಬರಬಾರದು."

"ಬರಲ್ಲ, ಏಳಿ. ನನ್ನ ತಂಗಿ."

"ಇವತ್ತಿನದು ಫೋನಲ್ಲಿ ಹೇಳಿದ್ದಲ್ಲ ಮೇಡಂ. ಬೆಳಗ್ಗೆ ಶಟರ್ ಎತ್ತಿದಾಗ ಒಳಗೆ ಬಿದ್ದಿತ್ತು. ಕೈಬರಹ. ಮೇಲೆ 'ಇಪ್ಪತ್ತೊಂಬತ್ತನೇ ಅಧ್ಯಾಯ' ಅಂತ ಇತ್ತು, ಅಷ್ಟೇ."

"ಭಾವನ ಅಕ್ಷರ ಅಲ್ಲ ಅಂತ ನಿಮಗೆ ಗೊತ್ತಾಗಲಿಲ್ವಾ?" ಎಂದು ಯಾಕಮ್ಮ ಕೇಳಿದಳು.

"ನೋಡಿದ ಕೂಡಲೇ ಗೊತ್ತಾಯ್ತು. ಆದ್ರೆ ಅಮ್ಮಾವ್ರೇ ಹೋದ ವಾರ ಹೇಳಿದ್ರಲ್ಲ? ಸಾರ್‌ಗೆ ಕೈ ನೋವು, ಸ್ವಲ್ಪ ದಿನ ಬೇರೆಯವರು ಬರೆದು ಕೊಡಬಹುದು ಅಂತ."

ಯಾಕಮ್ಮ ಅಕ್ಕನ ಕಡೆ ನೋಡಿದಳು. ಅಕ್ಕ ಸೂರು ನೋಡಿದಳು.

"'ಒಲೆಯ ಕಾಮ' ಅಂತ ಹೊಡೀಬೇಕಾದ್ರೆ ನಿಮಗೆ ಏನೂ ಅನ್ನಿಸಲಿಲ್ವಾ?"

"ಅನ್ನಿಸ್ತು ಮೇಡಂ. ಆದ್ರೆ ಸಾಹಿತಿಗಳು ಏನು ಬೇಕಾದ್ರೂ ಬರೀತಾರೆ ಅಂತ ಸುಮ್ಮನಾದೆ. ತಿದ್ದೋಕೆ ಹೋಗಿ ಹಿಂದೆ ಬಯ್ಸಿಕೊಂಡಿದೀನಿ."

"ಆ ಹಾಳೆಗಳಿವೆಯಾ?"

"ಇವೆ."

"ತಗೊಂಡು ನೇರ ಪತ್ರಿಕೆ ಕಚೇರಿಗೆ ಬನ್ನಿ. ನಾವೂ ಬರ್ತೀವಿ."

ಅವಳು ಫೋನು ಇಡುವಷ್ಟರಲ್ಲಿ ಒಳಗಿನ ಕುರ್ಚಿ ಹಿಂದಕ್ಕೆ ಸರಿಯಿತು. ಭಾವ ಬಾಗಿಲಲ್ಲಿ ನಿಂತಿದ್ದರು. ಕಿವಿಯ ಮೇಲೆ ಪೆನ್ಸಿಲು, ಎಡಗೈಯ ಅಂಚು ಪೂರ್ತಿ ಸೀಸದ ಕಪ್ಪು, ಎದೆಗೆ ಅವಚಿಕೊಂಡ ಕಾಗದ.

"ಮುಗೀತು," ಎಂದರು. "ಹೊರಗೆ ತಂದೆ. ಹಸಿವು."

ಎರಡೂವರೆ ದಾಟಿತ್ತು. ನಿಂತುಕೊಂಡೇ ತಿಂದರು, ತಿನ್ನುತ್ತಾ ಕಥೆ ಹೇಳಿದರು, ಅಕ್ಕನ ತಟ್ಟೆಯಿಂದಲೂ ತೆಗೆದುಕೊಂಡರು. ಅಕ್ಕ ಏನೂ ಅರಿಯದವಳ ಹಾಗೆ "ಔದಾ, ಆಮೇಲೆ?" ಎನ್ನುತ್ತಾ ಬಡಿಸಿದಳು. ತಾನೇ ಕೂಡಿಹಾಕಿದ ಕೋಣೆಯಿಂದ ಇನ್ಸ್‌ಪೆಕ್ಟರ್ ಹೇಗೆ ತಪ್ಪಿಸಿಕೊಂಡರೆಂದು ಕೇಳುವಾಗ ಅವಳಿಗೆ ನಿಜಕ್ಕೂ ಕುತೂಹಲ ಇತ್ತು.

ಅಕ್ಕ ಮನೆಯಲ್ಲೇ ಉಳಿದಳು. ಬಸ್ಸಿನಲ್ಲಿ ಯಾಕಮ್ಮ ಭಾವನಿಗೆ ಬೆಳಗಿನ ಸುದ್ದಿಯನ್ನೂ ಟೈಪಿಂಗಿನ ಆ ಎರಡು ತಪ್ಪುಗಳನ್ನೂ ಹೇಳಿದಳು. ಹೋದ ವಾರದ್ದನ್ನು ಹೇಳಲಿಲ್ಲ. ಅದನ್ನು ಅಕ್ಕನೇ ಹೇಳಬೇಕು. ಭಾವ ಕೆರಳಲಿಲ್ಲ. ಬರೆದು ಮುಗಿಸಿದ ಮನುಷ್ಯನಿಗೆ ಲೋಕದ ಮೇಲೆ ಉದಾರ ಭಾವನೆ ಬರುತ್ತದೆ.

"ನನ್ನದು ಬಂದಾಯ್ತಲ್ಲ, ಇನ್ನು ಅದನ್ನ ಯಾರು ಹಾಕ್ತಾರೆ?" ಎಂದರು. "ಆದ್ರೂ ಓದಬೇಕು. ನನ್ನ ಇನ್ಸ್‌ಪೆಕ್ಟರನ್ನ ಕೊಲ್ಲೋ ಧೈರ್ಯ ಯಾರಿಗಿದೆ ಅಂತ ನೋಡಬೇಡ್ವಾ?"

ಸಂಪಾದಕರ ಕೋಣೆಯಲ್ಲಿ ಟೈಪಿಸ್ಟ್ ಕುರ್ಚಿಯ ತುದಿಯಲ್ಲಿ ಕೂತಿದ್ದ. ಭಾವ ತಮ್ಮ ಅಧ್ಯಾಯವನ್ನು ಮೇಜಿನ ಮೇಲಿಟ್ಟರು. ಸಂಪಾದಕರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೊದಲ ಪುಟ ಓದಿ, ಅಂದಿನ ದಿನ ಮೊದಲ ಬಾರಿಗೆ ನಕ್ಕರು. "ಬದುಕಿದರು ಸಾರ್. ಅವರೂ, ನಾನೂ."

"ತೋರಿಸಿ, ನನ್ನ ವೈರೀನ ನೋಡೋಣ," ಎಂದು ಭಾವ ಟೈಪಿಸ್ಟನ ಮುಂದೆ ಕೈ ಚಾಚಿದರು.

ನೀಲಿ ಶಾಯಿ, ಬಲಕ್ಕೆ ವಾಲಿದ ಅಕ್ಷರ. ಭಾವ ನಗುತ್ತಲೇ ಮೊದಲ ಹಾಳೆ ತೆಗೆದರು. ನಗು ಹೋಗಲಿಲ್ಲ, ಆದರೆ ಬೇರೆಯಾಯಿತು. ಎರಡನೇ ಹಾಳೆಗೆ ಕುರ್ಚಿ ಎಳೆದುಕೊಂಡು ಕೂತರು. ಕೊನೆಯ ಹಾಳೆಯನ್ನು ಅವರು ಎರಡು ಸಲ ಓದಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇರಲಿಲ್ಲ. ಬಹಳ ಕಾಲ ಸುದ್ದಿಯೇ ಇಲ್ಲದಿದ್ದ ಆಪ್ತರೊಬ್ಬರು ಊರಿಗೆ ಬಂದಿದ್ದಾರೆಂದು ಕೇಳಿದವರ ಹಾಗೆ ಕಂಡರು.

"ಯಾರ ಅಕ್ಷರ ಭಾವ ಇದು?" ಎಂದು ಯಾಕಮ್ಮ ಕೇಳಿದಳು.

ಭಾವ ನೀಲಿ ಹಾಳೆಗಳನ್ನು ನೀಟಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡರು. ಎದ್ದರು. ಸಂಪಾದಕರ ಕೈಯಿಂದ ತಮ್ಮ ಅಧ್ಯಾಯವನ್ನು, ಮಗುವಿನ ಕೈಯಿಂದ ಗಾಜಿನ ಲೋಟ ಬಿಡಿಸಿಕೊಳ್ಳುವ ಹಾಗೆ ಮೆಲ್ಲಗೆ ಬಿಡಿಸಿಕೊಂಡರು.

"ಬೆಳಗ್ಗೆ ಬಂತಲ್ಲ, ಅದನ್ನೇ ಹಾಕಿ," ಎಂದರು. "'ಕಾವು' ಅಂತ ತಿದ್ದಿ. 'ಪಾದ' ಅಂತ ತಿದ್ದಿ. ಬೇರೆ ಒಂದಕ್ಷರ ಮುಟ್ಟಬೇಡಿ."

"ಸಾರ್, ಅದರಲ್ಲಿ ಇನ್ಸ್‌ಪೆಕ್ಟರ್ ಸಾಯ್ತಾರೆ," ಎಂದರು ಸಂಪಾದಕರು.

"ಓದಿದೆ."

"ನಿಮ್ಮದು ತಯಾರಿದೆಯಲ್ಲ ಸಾರ್. ಸಮಯಕ್ಕೆ ಬಂದಿದೆ. ಚೆನ್ನಾಗೂ ಇದೆ."

"ಚೆನ್ನಾಗಿದೆ. ಅದು ನನ್ನ ಹತ್ರ ಇರಲಿ." ಭಾವ ಬಾಗಿಲವರೆಗೆ ಹೋಗಿ ನಿಂತರು. "ಇನ್ಸ್‌ಪೆಕ್ಟರನ್ನ ಮೊದಲು ಬರೆದದ್ದು ಇದೇ ಅಕ್ಷರ. ಹುಟ್ಟಿಸಿದವರೇ ಸಾಯಿಸ್ತಿದಾರೆ. ಬೇಡ ಅನ್ನೋಕೆ ನಾನ್ಯಾರು?"

"ಭಾವ," ಎಂದಳು ಯಾಕಮ್ಮ. "ಹುಟ್ಟಿಸಿದವರು ನೀವಲ್ವಾ?"

ಭಾವ ಅವಳ ಭುಜ ತಟ್ಟಿ ಮೆಟ್ಟಿಲಿಳಿದು ಹೋದರು.

ನಾಲ್ಕು ಗಂಟೆಗೆ ಪುಟ ಅಚ್ಚಿಗೆ ಹೋಯಿತು. ಲೇಖಕರ ಹೆಸರು ಇರಬೇಕಾದ ಜಾಗ ಖಾಲಿ ಇತ್ತು.